ದಿನಾಂಕ ಮಾತ್ರ ಇಂದಿನದು

2002ರಲ್ಲಿ ನಾನು ಮಣಿಪಾಲದ ಒಂದು ಸಣ್ಣ ವೆಬ್‌ಸೈಟ್ ಕಂಪನಿಯಲ್ಲಿ ಪುಟವಿನ್ಯಾಸದ ಹೊಣೆ ಹೊತ್ತಿದ್ದೆ. ಅದಕ್ಕೆ ಮೊದಲು ಮುದ್ರಣಾಲಯವೊಂದರಲ್ಲಿ, ಅಚ್ಚುಮೊಳೆಗಳ ಕೊನೆಯ ಕಾಲದಿಂದ ಡಿಟಿಪಿಯ ಕಾಲದವರೆಗೆ, ಪುಟ ಕಟ್ಟುವ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹೊಸ ಕಂಪನಿಗೆ ಸೇರುವಾಗ ನನ್ನ ಹುದ್ದೆ ‘ಡಿಸೈನ್ ಹೆಡ್’ ಎಂದು ಮಾತಾಗಿತ್ತು. ವಿಸಿಟಿಂಗ್ ಕಾರ್ಡು ಅಚ್ಚಾಗಿ ಬಂದಾಗ ಅದರಲ್ಲಿ ‘ಕನ್ನಡ ಟೈಪಿಂಗ್’ ಎಂದಿತ್ತು. ಕೇಳಿದ್ದಕ್ಕೆ ಮಾಲೀಕರಾದ ನಿತಿನ್, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, “ಸುಮತಿಯಕ್ಕ, ಕಾರ್ಡಿನಲ್ಲಿ ಎಂತ ಉಂಟು? ಕೆಲಸ ಮುಖ್ಯ ಅಲ್ವಾ?” ಎಂದರು. ತಮ್ಮ ಕಾರ್ಡಿನಲ್ಲಿ ಅವರು ಮೂರು ಹುದ್ದೆಗಳನ್ನು ಅಚ್ಚು ಹಾಕಿಸಿಕೊಂಡಿದ್ದರು. ನನ್ನ ಕಾರ್ಡುಗಳ ಕಟ್ಟನ್ನು ನಾನು ಬಿಚ್ಚಲಿಲ್ಲ. ಅದು ಈಗಲೂ ರಬ್ಬರ್ ಬ್ಯಾಂಡಿನೊಳಗೇ ಇದೆ.

ಆ ಕಾಲದ ವೆಬ್‌ಸೈಟುಗಳನ್ನು ಇಂದಿನ ಓದುಗರಿಗೆ ಸ್ವಲ್ಪ ಪರಿಚಯಿಸಬೇಕು. ಇಂಟರ್‌ನೆಟ್ ದೂರವಾಣಿಯ ತಂತಿಯಲ್ಲೇ ಬರುತ್ತಿತ್ತು. ಮೋಡೆಮ್ ಎಂಬ ಪೆಟ್ಟಿಗೆ ಕಿರುಚಾಡಿ ಸಂಪರ್ಕ ದೊರಕುವಷ್ಟರಲ್ಲಿ ಒಂದು ಲೋಟ ಚಹಾ ಮುಗಿಯುತ್ತಿತ್ತು. ಅಷ್ಟು ಕಾದು ಕುಳಿತವರಿಗೆ ಮೊದಲು ಎದುರಾಗುತ್ತಿದ್ದುದು ‘ಇಂಟ್ರೊ’ ಎಂಬ ಸಂಗೀತಸಹಿತ ಚಲಿಸುವ ಚಿತ್ರ. ಅದನ್ನು ದಾಟಿಸುವ ‘ಸ್ಕಿಪ್’ ಎಂಬ ಪದವನ್ನು ಮೂಲೆಯಲ್ಲಿ, ಹಿನ್ನೆಲೆಯ ಬಣ್ಣದಲ್ಲೇ ಅಡಗಿಸಿಡುತ್ತಿದ್ದರು. ಒಳಗೆ ಹೋದರೆ ನಿಲ್ಲದೆ ಓಡುವ ಅಕ್ಷರಗಳು, ಮಿಟುಕುವ ‘ನ್ಯೂ’ ಎಂಬ ಗುರುತು, ಎಷ್ಟು ಜನ ಬಂದುಹೋದರೆಂದು ತೋರಿಸುವ ಮೀಟರು. ಬೇಕಾದ ಫೋನ್ ನಂಬರು ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಕನ್ನಡದಲ್ಲಿ ಬರೆದರೆ ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದ ಕಾರಣ ಅಕ್ಷರಗಳ ಬದಲು ಚೌಕಗಳು ಕಾಣಿಸುತ್ತಿದ್ದವು. ಆದ್ದರಿಂದ ಕನ್ನಡದ ವಾಕ್ಯಗಳನ್ನು ಚಿತ್ರವಾಗಿ ಮಾಡಿ ಅಂಟಿಸುವುದು ರೂಢಿಯಾಗಿತ್ತು.

ಇದೆಲ್ಲ ಯಾರ ಉಪಯೋಗಕ್ಕೆ ಎಂದು ಕೇಳುವುದು ನನ್ನ ಕೆಲಸದ ಭಾಗವೆಂದು ನಾನು ತಿಳಿದಿದ್ದೆ. ಈಗ ಅದಕ್ಕೆ ಯೂಸರ್ ಎಕ್ಸ್‌ಪೀರಿಯೆನ್ಸ್ ಎಂಬ ಹೆಸರೂ ಪ್ರತ್ಯೇಕ ಸಂಬಳವೂ ಇವೆ. ಆಗ ಅದನ್ನು ತಕರಾರು ಎನ್ನುತ್ತಿದ್ದರು.

ಆ ವರ್ಷದ ಮಳೆಗಾಲದಲ್ಲಿ, ದೋಣಿಗಳೆಲ್ಲ ದಡದ ಮೇಲಿದ್ದ ಹೊತ್ತಿಗೆ, ಕಾಪುವಿನ ಮೀನುಗಾರರ ಸಹಕಾರಿ ಸಂಘವೊಂದಕ್ಕೆ ವೆಬ್‌ಸೈಟು ಮಾಡಿಕೊಡುವ ಕೆಲಸ ನಮಗೆ ಬಂತು. ಅದರ ಕಾರ್ಯದರ್ಶಿ ಲೋಕನಾಥ ಕರ್ಕೇರ ಮುಂಬೈಯಲ್ಲಿ ನೌಕರಿ ಮುಗಿಸಿ ಊರಿಗೆ ಮರಳಿದವರು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಪೆನ್ನು, ಖರ್ಚಿನ ವಿಷಯದಲ್ಲಿ ಬಿಗಿ. ಮಟ್ಟುವಿನಿಂದ ಹೆಜಮಾಡಿಯವರೆಗೆ ಕರಾವಳಿಯುದ್ದಕ್ಕೂ ಸಂಘದ ಸಣ್ಣ ಶಾಖೆಗಳಿದ್ದವು. ನಾಡದೋಣಿಯವರಿಗೆ, ಅಂದರೆ ಹೊರಗೆ ಎಂಜಿನ್ ಕಟ್ಟಿಕೊಂಡು ಹೋಗುವ ಚಿಕ್ಕ ದೋಣಿಗಳವರಿಗೆ, ಸೀಮೆಎಣ್ಣೆಯನ್ನೂ ಬಲೆಯ ಸಾಮಾನನ್ನೂ ಅಲ್ಲಿಂದ ಕೊಡುತ್ತಿದ್ದರು. ಜೊತೆಗೆ ಪ್ರತಿದಿನ ಕಡಲ ಸೂಚನೆಯನ್ನೂ, ಅಂದರೆ ಆ ದಿನ ದೋಣಿ ಇಳಿಸಬಹುದೇ ಎಂಬ ಮಾತನ್ನೂ, ಕೊಡುತ್ತಿದ್ದರು.

ಸೂಚನೆ ಕೊಡುವ ಹಳೆಯ ಪದ್ಧತಿಯನ್ನು ನಾನು ಹೆಜಮಾಡಿಯಲ್ಲಿ ಕಣ್ಣಾರೆ ಕಂಡೆ. ಬೆಳಿಗ್ಗೆ ಕಾಪುವಿನ ಕಚೇರಿಯಿಂದ ಶಾಖೆಗಳಿಗೆ ಫೋನು ಬರುವುದು. ಶಾಖೆಯವರು ಆ ಮಾತನ್ನು ಜಗಲಿಯ ಕರಿಹಲಗೆಯ ಮೇಲೆ ಬರೆಯುವುದು. ಸಂಜೆ ಬೀಗ ಹಾಕುವ ಮೊದಲು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡುವುದು. ಹಲಗೆ ಖಾಲಿಯಿದ್ದರೆ ಆ ದಿನದ ಸುದ್ದಿ ಇನ್ನೂ ಬಂದಿಲ್ಲವೆಂದು ಊರಿನ ಎಲ್ಲರಿಗೂ ಗೊತ್ತು. ದೋಣಿಯವರು ಕಾಯುತ್ತಿದ್ದರು, ಇಲ್ಲವೇ ಯಾರನ್ನಾದರೂ ಎಬ್ಬಿಸಿ ಕೇಳುತ್ತಿದ್ದರು. ರೇಡಿಯೊ ಮಳೆಗಾಲವಿಡೀ ಇಡೀ ಕರಾವಳಿಗೆ ಒಂದೇ ಎಚ್ಚರಿಕೆಯನ್ನು ಹೇಳುತ್ತಿದ್ದುದರಿಂದ ಅದರ ಮಾತಿಗೆ ಅವರ ಕಿವಿ ಒಗ್ಗಿಹೋಗಿತ್ತು. ಹಲಗೆಯ ಮಾತು ತಮ್ಮ ಊರಿನ ಕಡಲಿನದು ಎಂದು ನಂಬುತ್ತಿದ್ದರು.

ಹೆಜಮಾಡಿ ಶಾಖೆಯನ್ನು ನೋಡಿಕೊಳ್ಳುತ್ತಿದ್ದವಳು ಗಿರಿಜಾ. ಪಿಯುಸಿ ಓದಿದ್ದಳು, ಅಕ್ಷರ ಮುತ್ತಿನಂತಿತ್ತು. ಸೈಟು ನೋಡಲೆಂದು ಸಂಘ ಶಾಖೆಗೆ ಕೊಟ್ಟಿದ್ದ ಹೊಸ ಕಂಪ್ಯೂಟರಿಗೆ ಹಳೆಯ ಸೀರೆಯ ತುಂಡಿನಿಂದ ಮುಸುಕು ಹೊಲಿದಿದ್ದಳು. ಬಳಸುವ ಕ್ರಮವನ್ನು ತೋರಿಸಲು ನಾನು ಹೋದ ದಿನ ಮೋಡೆಮ್ ಮತ್ತೆ ಮತ್ತೆ ಕೈಕೊಟ್ಟಿತು. ಗಿರಿಜಾ ನಕ್ಕಳು.

“ಇದು ನನ್ನ ಅತ್ತೆಯ ಹಾಗೆ, ಅಕ್ಕ. ಒಮ್ಮೆ ಮುನಿಸಿಕೊಂಡರೆ ಮತ್ತೆ ಊಟದ ಹೊತ್ತಿಗೇ ಮಾತು.”

“ಅತ್ತೆಯ ಎದುರು ಹೀಗೆ ಹೇಳ್ತೀಯಾ?”

“ಹೇಳಿದ್ದೇನೆ. ಅದಕ್ಕೇ ಮಾತು ಬಿಟ್ಟದ್ದು.”

ನಾನು ಮೊದಲು ಸಿದ್ಧಪಡಿಸಿದ ಪುಟ ತೀರ ಸರಳವಾಗಿತ್ತು. ಇಂಟ್ರೊ ಇಲ್ಲ, ಸಂಗೀತವಿಲ್ಲ. ತೆರೆದ ಕೂಡಲೇ ಕಡಲ ಸೂಚನೆ. ಅದರ ಕೆಳಗೆ ಸೂಚನೆ ಬರೆದ ದಿನ, ಹೊತ್ತು, ಬರೆದವರ ಹೆಸರು. ಅದರ ಕೆಳಗೆ ಕಚೇರಿಯ ಫೋನ್ ನಂಬರು. ಪ್ರತಿ ಬೆಳಿಗ್ಗೆ ಕಾಪುವಿನ ಕಚೇರಿಯ ಟೈಪಿಸ್ಟ್ ಆ ದಿನದ ಸೂಚನೆಯನ್ನು ದಿನಾಂಕಸಮೇತ ಹೊಸ ಚಿತ್ರವಾಗಿ ಮಾಡಿ ಏರಿಸಬೇಕಿತ್ತು. ನಿತಿನ್ ಅದನ್ನು ನೋಡಿ, ಇದು ವೆಬ್‌ಸೈಟೋ ಶ್ರದ್ಧಾಂಜಲಿಯ ಜಾಹೀರಾತೋ ಎಂದು ಕೇಳಿದರು. ಕಾಪುವಿನ ದೀಪಸ್ತಂಭ ತಿರುಗುತ್ತ ಬೆಳಕು ಬೀರುವ ಇಂಟ್ರೊವನ್ನು ತಾವೇ ಸೇರಿಸಿದರು. ಅದರ ವಿಷಯದಲ್ಲಿ ನಾನು ಸೋತೆ. ಇಂಟ್ರೊ ಜನರ ಹೊತ್ತನ್ನು ಮಾತ್ರ ತಿನ್ನುತ್ತದೆ ಎಂದು ಸುಮ್ಮನಾದೆ.

ಪ್ರಾಯೋಗಿಕ ಬಳಕೆಯ ದಿನಗಳಲ್ಲಿ ಟೈಪಿಸ್ಟಿಗೆ ದಿನಕ್ಕೊಂದು ಚಿತ್ರ ಮಾಡುವುದು ಕಷ್ಟವಾಯಿತು. ಸೈಟಿನಲ್ಲಿ ಹಳೆಯ ದಿನಾಂಕವೇ ಉಳಿಯುತ್ತಿತ್ತು. ಕರ್ಕೇರರು ಮಣಿಪಾಲಕ್ಕೆ ಬಂದು ಕುಳಿತರು.

“ನೋಡಿ ನಿತಿನ್, ಮೊನ್ನೆಯ ತಾರೀಕು ಕಂಡರೆ ಸೈಟು ಸತ್ತ ಹಾಗೆ ಕಾಣ್ತದೆ. ಮೆಂಬರುಗಳು ಕೇಳ್ತಾರೆ, ಇದಕ್ಕೆ ದುಡ್ಡು ಕೊಟ್ಟದ್ದಾ ಅಂತ.”

ನಿತಿನ್ ಅಲ್ಲೇ ಪರಿಹಾರ ಕೊಟ್ಟರು. ‘ಕಡಲು ಶಾಂತವಾಗಿದೆ, ದೋಣಿ ಹೋಗಬಹುದು’, ‘ಎಚ್ಚರಿಕೆಯಿಂದಿರಿ’, ‘ಕಡಲಿಗೆ ಇಳಿಯಬೇಡಿ’ ಎಂಬ ಮೂರು ಚಿತ್ರಗಳನ್ನು ಸಿದ್ಧವಾಗಿಟ್ಟರೆ ಟೈಪಿಸ್ಟ್ ಒಂದನ್ನು ಆರಿಸಿದರೆ ಸಾಕು. ದಿನಾಂಕವನ್ನು ಚಿತ್ರದಿಂದ ತೆಗೆದು ಪುಟದ ನೆತ್ತಿಯ ಮೇಲೆ ‘ಇಂದು’ ಎಂದು ಹಾಕಿ, ಜಾವಾಸ್ಕ್ರಿಪ್ಟಿನಿಂದ ತಾನಾಗಿಯೇ ಬದಲಾಗುವಂತೆ ಮಾಡುವುದು. ಜಾವಾಸ್ಕ್ರಿಪ್ಟ್ ಎಂದರೆ ಪುಟದೊಳಗೆ ಅಡಗಿ ಕೂರುವ ಚಿಕ್ಕ ಪ್ರೋಗ್ರಾಂ. ಅದು ದಿನಾಂಕವನ್ನು ಸೂಚನೆ ಬರೆದವರಿಂದ ಪಡೆಯುವುದಿಲ್ಲ. ಪುಟವನ್ನು ನೋಡುತ್ತಿರುವವರ ಕಂಪ್ಯೂಟರಿನ ಗಡಿಯಾರದಿಂದ ಎತ್ತಿಕೊಳ್ಳುತ್ತದೆ. ಅಂದರೆ ಸೂಚನೆ ಎಷ್ಟು ಹಳೆಯದಾದರೂ ಅದರ ತಲೆಯ ಮೇಲೆ ಇಂದಿನ ದಿನಾಂಕವೇ ಇರುತ್ತದೆ.

ಕರ್ಕೇರರ ಎದುರಿನಲ್ಲೇ ನಾನು ಆಕ್ಷೇಪಿಸಿದೆ. “ಒಂದು ದಿನ ಟೈಪಿಸ್ಟ್ ಬಾರದಿದ್ದರೆ ನಿನ್ನೆಯ ಮಾತಿನ ಮೇಲೆ ಇಂದಿನ ತಾರೀಕು ಕೂರುತ್ತದೆ. ಓದುವವರಿಗೆ ಹೇಗೆ ತಿಳಿಯಬೇಕು?”

“ಸುಮತಿಯಕ್ಕ ಪ್ರೆಸ್ಸಿನವರು ಅಲ್ವಾ, ಅವರಿಗೆ ಪಂಚಾಂಗದ್ದೇ ಅಭ್ಯಾಸ,” ಎಂದು ನಿತಿನ್ ಕರ್ಕೇರರ ಕಡೆ ತಿರುಗಿದರು. “ತಿಥಿ, ನಕ್ಷತ್ರ, ರಾಹುಕಾಲ ಕೂಡ ಹಾಕುವಾ ಅಕ್ಕ?”

ಇಬ್ಬರೂ ನಕ್ಕರು. ಚಹಾ ತಂದವನೂ ನಕ್ಕ. ನಾನು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದೆ. ಟೈಪಿಸ್ಟ್ ಬಾರದೆ ಇರುವುದಿಲ್ಲ ಎಂದು ಕರ್ಕೇರರು ಹೇಳಿ ಮಾತು ಮುಗಿಸಿದರು. ಹೋಗುವಾಗ ಮತ್ತೊಂದು ನಿರ್ಧಾರವನ್ನೂ ತಿಳಿಸಿದರು: ಸೈಟು ಇರುವುದರಿಂದ ಇನ್ನು ಬೆಳಗಿನ ಫೋನುಗಳು ಬೇಡ, ಶಾಖೆಯವರು ಕಂಪ್ಯೂಟರ್ ನೋಡಿ ಹಲಗೆಯ ಮೇಲೆ ಬರೆಯಲಿ.

ಹೀಗೆ, ಪ್ರತಿ ಬೆಳಿಗ್ಗೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೇಳುತ್ತಿದ್ದ ಮಾತು ನಿಂತುಹೋಯಿತು. ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿದವು. ಸೈಟಿನ ಉದ್ಘಾಟನೆಯಾಯಿತು. ಫೋಟೊದಲ್ಲಿ ನಾನಿಲ್ಲ, ಆ ಹೊತ್ತಿಗೆ ನನ್ನನ್ನು ತಿಂಡಿಯ ಪೊಟ್ಟಣಗಳ ಲೆಕ್ಕ ನೋಡಲು ಕಳುಹಿಸಲಾಗಿತ್ತು.

ಕೆಲವು ವಾರ ಎಲ್ಲವೂ ಸುಗಮವಾಗಿ ನಡೆಯಿತು. ಆ ಸುಗಮತೆಯೇ ನನ್ನನ್ನು ಹೆಚ್ಚು ಕಾಡಿತು. ಮಣಿಪಾಲದ ಕಚೇರಿಯಲ್ಲಿ ಕುಳಿತು ಬೆಳಿಗ್ಗೆ ಸೈಟು ತೆರೆಯುವುದು ನನಗೆ ಚಟವಾಯಿತು. ದೀಪಸ್ತಂಭ ತಿರುಗುತ್ತಿತ್ತು. ಅದು ತಿರುಗಿ ಮುಗಿಯುವವರೆಗೆ ನಾನು ಮೇಜಿನ ಅಂಚನ್ನು ಹಿಡಿದು ಕೂರುತ್ತಿದ್ದೆ. ಬಳಿಕ ‘ಇಂದು’ ಎಂಬ ಪದ, ದಿನಾಂಕ, ಕಡಲು ಶಾಂತವಾಗಿದೆ ಎಂಬ ವಾಕ್ಯ. ಅದನ್ನು ಈ ಬೆಳಿಗ್ಗೆ ಯಾರಾದರೂ ಬರೆದರೋ, ನಿನ್ನೆಯಿಂದ ಉಳಿದುಕೊಂಡಿದೆಯೋ ಎಂದು ಪುಟದ ಯಾವ ಮೂಲೆಯೂ ಹೇಳುತ್ತಿರಲಿಲ್ಲ. ಸೆಪ್ಟೆಂಬರಿನ ಒಂದು ದಿನ ಟೈಪಿಸ್ಟ್ ಜ್ವರದಿಂದ ತಡವಾಗಿ ಬಂದು, ಮಧ್ಯಾಹ್ನದ ಸುಮಾರಿಗೆ ‘ಶಾಂತ’ವನ್ನು ತೆಗೆದು ‘ಎಚ್ಚರಿಕೆ’ ಹಾಕಿದ್ದು ನನ್ನ ಕಣ್ಣಿಗೆ ಬಿತ್ತು. ಬೆಳಗ್ಗೆಯಿಂದ ಶಾಖೆಗಳ ಹಲಗೆಗಳ ಮೇಲೆ ಹಿಂದಿನ ದಿನದ ಮಾತು ಇಂದಿನ ದಿನಾಂಕದೊಡನೆ ನಿಂತಿತ್ತು. ನಿತಿನ್ ಅವರಿಗೆ ಹೇಳಿದೆ.

“ಎಂತದಾದ್ರೂ ಆಯ್ತಾ?”

“ಈ ಸಲ ಆಗಲಿಲ್ಲ.”

“ಆಗಲಿಲ್ಲ ಅಲ್ವಾ? ಮತ್ತೆಂತಕ್ಕೆ ಅಕ್ಕ ಸುಮ್ಮನೆ?” ಎಂದು ಅವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರು.

ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಆಯುಧಪೂಜೆಯಂದು ನಮ್ಮ ಕಡೆ ದುಡಿಮೆಯ ಸಲಕರಣೆಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಹೂ ಮುಡಿಸಿ ಪೂಜೆಗಿಡುತ್ತಾರೆ. ಹಾಗೆ ಇಟ್ಟದ್ದನ್ನು ಪೂಜೆ ಎತ್ತುವವರೆಗೆ ಮುಟ್ಟುವಂತಿಲ್ಲ. ಹೆಜಮಾಡಿಯ ದೋಣಿಗಳಿಗೆ ಪೂಜೆಯಾಯಿತು. ಕಾಪುವಿನ ಕಚೇರಿಯಲ್ಲಿ ಆ ವರ್ಷ ಮೊದಲ ಬಾರಿಗೆ ಕಂಪ್ಯೂಟರಿಗೂ ಪೂಜೆಯಾಯಿತು. ಕೀಬೋರ್ಡಿನ ಮೇಲೆ ಚೆಂಡುಹೂ ಹಾಕಿ, ಮಾನಿಟರಿಗೆ ಗಂಧದ ಬೊಟ್ಟಿಟ್ಟು, ಅದನ್ನು ಆರಿಸಿ, ಕಚೇರಿಗೆ ಬೀಗ ಹಾಕಿದರು. ಟೈಪಿಸ್ಟ್ ಊರಿಗೆ ಹೋದ. ಪೂಜೆ ಎತ್ತುವುದು ವಿಜಯದಶಮಿಯ ಸಂಜೆಗೆ ಎಂದಿತ್ತು. ಕಚೇರಿ ಮುಚ್ಚಿದಾಗ ಸೈಟಿನಲ್ಲಿ ಇದ್ದ ಚಿತ್ರ ‘ಕಡಲು ಶಾಂತವಾಗಿದೆ, ದೋಣಿ ಹೋಗಬಹುದು’.

ವಿಜಯದಶಮಿ ಹೊಸ ಕೆಲಸಕ್ಕೆ ಒಳ್ಳೆಯ ದಿನ. ಹಿಂದಿನ ದಿನ ದಡದಲ್ಲೇ ಉಳಿದ ದೋಣಿಯವರು ಅಂದು ಬಲೆ ಬಿಡದೆ ಇರುವುದಿಲ್ಲ. ಆದ್ದರಿಂದ ಗಿರಿಜಾ ಸೀಮೆಎಣ್ಣೆ ಕೊಡಲು ಬೆಳಿಗ್ಗೆ ಶಾಖೆ ತೆರೆದಳು. ತನ್ನ ಕಂಪ್ಯೂಟರಿನ ಹೂ ತೆಗೆದು, ಕೈಮುಗಿದು, ಸೈಟು ನೋಡಿ, ಅಲ್ಲಿದ್ದ ದಿನಾಂಕವನ್ನೂ ವಾಕ್ಯವನ್ನೂ ಇದ್ದ ಹಾಗೆಯೇ ಹಲಗೆಯ ಮೇಲೆ ಬರೆದಳು.

ಆ ಮಧ್ಯಾಹ್ನ ನಾನು ಉಡುಪಿಯ ನನ್ನ ಮನೆಯಲ್ಲಿದ್ದೆ. ಬೆಳಿಗ್ಗೆ ಸ್ವಚ್ಛವಾಗಿದ್ದ ಆಕಾಶ ಊಟದ ಹೊತ್ತಿಗೆ ಪಶ್ಚಿಮದಲ್ಲಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಗಾಳಿ ಪೂರ್ತಿ ನಿಂತಿತ್ತು. ತೆಂಗಿನ ಗರಿ ಸಹ ಅಲುಗುತ್ತಿರಲಿಲ್ಲ. ಬೆವರು ಒರೆಸಿದಷ್ಟೂ ಬರುತ್ತಿತ್ತು. ರೇಡಿಯೊದಲ್ಲಿ ಅರಬ್ಬಿ ಸಮುದ್ರದ ವಾಯುಭಾರ ಕುಸಿತ ಕರಾವಳಿಯತ್ತ ಬರುತ್ತಿದೆ, ಸಂಜೆಯ ಹೊತ್ತಿಗೆ ಬಿರುಗಾಳಿಯ ಸಂಭವವಿದೆ, ಮೀನುಗಾರರು ಕಡಲಿಗೆ ಹೋಗಬಾರದು ಎಂದು ಹೇಳಿದರು. ನಾನು ಮೊದಲು ಕಾಪುವಿನ ಕಚೇರಿಗೆ ಫೋನ್ ಮಾಡಿದೆ. ಹೂ ಮುಡಿದ ಕಂಪ್ಯೂಟರಿನ ಪಕ್ಕದಲ್ಲಿ ಅದು ಹೊಡೆದುಕೊಳ್ಳುತ್ತಲೇ ಇತ್ತು. ಕರ್ಕೇರರ ಮನೆಗೆ ಮಾಡಿದೆ. ಅವರು ಕಾರ್ಕಳದಲ್ಲಿ ನೆಂಟರ ಮನೆಯ ಊಟಕ್ಕೆ ಹೋಗಿದ್ದಾರೆ, ಆ ಮನೆಗೆ ಫೋನಿಲ್ಲ ಎಂದು ಅವರ ಹೆಂಡತಿ ಹೇಳಿದರು. ಕೊನೆಗೆ ಹೆಜಮಾಡಿಯ ಶಾಖೆಗೆ ಮಾಡಿದೆ. ಗಿರಿಜಾ ಎತ್ತಿದಳು.

“ಗಿರಿಜಾ, ಹಲಗೆಯಲ್ಲಿ ಎಂತ ಉಂಟು?”

“ಹಬ್ಬದ ದಿನವೂ ಪರೀಕ್ಷೆಯಾ ಅಕ್ಕ? ಕಡಲು ಶಾಂತ ಅಂತ ಉಂಟು.”

“ಅದು ಇವತ್ತಿನದ್ದಲ್ಲ.”

“ಇವತ್ತಿನದ್ದೇ. ತಾರೀಕು ನೋಡಿಯೇ ಬರೆದದ್ದು. ಈಗಲೂ ಎದುರಿಗೆ ಉಂಟು, ಓದಿ ಹೇಳ್ಲಾ?”

“ಕಾಪುವಿನಲ್ಲಿ ಕಚೇರಿಯೇ ತೆರೆದಿಲ್ಲ, ಗಿರಿಜಾ. ಇವತ್ತು ಯಾರೂ ಎಂತದ್ದೂ ಬರೆದಿಲ್ಲ. ದೋಣಿಗಳು ಹೋದವಾ?”

ಆಚೆ ಕಡೆ ರಿಸೀವರ್ ಮೇಜಿನ ಮೇಲೆ ಬಿದ್ದ ಸದ್ದು, ಅವಳು ಓಡಿದ ಸದ್ದು. ನಾನು ಫೋನನ್ನು ಕಿವಿಗೆ ಹಿಡಿದು ಬಹಳ ಹೊತ್ತು ನಿಂತೆ. ಖಾಲಿ ಕೋಣೆಯ ಫ್ಯಾನಿನ ಶಬ್ದ ಮಾತ್ರ ಕೇಳುತ್ತಿತ್ತು.

ಗಿರಿಜಾ ಕೂಗಿಕೊಂಡು ಹೋದಾಗ, ಊಟ ಮುಗಿಸಿ ಹೊರಟ ಎರಡು ದೋಣಿಗಳಲ್ಲಿ ಒಂದು ಇನ್ನೂ ಅಳಿವೆಯ, ಅಂದರೆ ಹೊಳೆ ಕಡಲನ್ನು ಸೇರುವ ಬಾಯಿಯ, ಒಳಗೇ ಇತ್ತು, ಅದನ್ನು ತಿರುಗಿಸಿದರು. ಇನ್ನೊಂದು ಆಗಲೇ ಹೊರಗೆ ಹೋಗಿತ್ತು. ಅದರಲ್ಲಿ ಶೀನನೂ ಮತ್ತೆ ಮೂವರೂ ಇದ್ದರು. ಶೀನ ಗಿರಿಜಾಳ ನೆರೆಮನೆಯವನು. ಅವಳಿಗೆ ಅಣ್ಣನ ಹಾಗೆ. ಬೆಳಿಗ್ಗೆ ಹಲಗೆಯ ಎದುರು ನಿಂತು, “ಇಷ್ಟು ಚಂದ ಬರೆದರೆ ಕಡಲು ನಾಚಿಯಾದರೂ ಶಾಂತ ಆದೀತು, ಮಾರಾಯ್ತಿ” ಎಂದು ತಮಾಷೆ ಮಾಡಿ ಹೋದವನು. ಕತ್ತಲಾಗುವ ಮೊದಲೇ ಗಾಳಿ ಎದ್ದಿತು. ಮರಳುವ ಹೊತ್ತಿಗೆ ಅಳಿವೆಯ ಬಾಯಲ್ಲಿ ತೆರೆಗಳು ಅಡ್ಡಲಾಗಿ ಒಡೆಯುತ್ತಿದ್ದವು. ದೋಣಿ ದಡದವರ ಕಣ್ಣೆದುರಿನಲ್ಲೇ ಮಗುಚಿತು. ಮೂವರು ಈಜಿ ಬಂದರು. ಶೀನನ ದೇಹ ಕೆಲವು ದಿನಗಳ ಮೇಲೆ ತೆಂಕಣ ತೀರದಲ್ಲಿ ಸಿಕ್ಕಿತು.

ಇದಾದ ಮೇಲೆ ನಡೆದುದನ್ನು ಹೇಳಲಿಕ್ಕಾಗಿಯೇ ನಾನು ಈ ಲೇಖನ ಬರೆಯುತ್ತಿದ್ದೇನೆ. ಹೊಣೆ ಯಾರದೆಂಬ ಪ್ರಶ್ನೆ ಬಂದಾಗ ಎಲ್ಲರ ಬೆರಳೂ ಗಿರಿಜಾಳ ಕಡೆ ತಿರುಗಿತು. ಕಾಪುವಿನ ಕಚೇರಿ ಆ ದಿನ ಸೂಚನೆಯನ್ನೇ ಕೊಟ್ಟಿಲ್ಲ. ಹಲಗೆಯ ಮೇಲೆ ಆ ದಿನದ ದಿನಾಂಕ ಹಾಕಿ ‘ಶಾಂತ’ ಎಂದು ಬರೆದವಳು ಅವಳು. ಆದ್ದರಿಂದ ಸೂಚನೆಯನ್ನು ಸೃಷ್ಟಿಸಿದವಳು ಅವಳೇ. ಹೀಗೆ ಕರ್ಕೇರರು ವಾದ ಕಟ್ಟಿದರು. ಅವಳನ್ನು ಕೆಲಸದಿಂದ ತೆಗೆಯುವುದು, ಕಾರಣವನ್ನು ನಿರ್ಣಯದಲ್ಲಿ ದಾಖಲಿಸುವುದು ಎಂದು ಆಡಳಿತ ಸಮಿತಿಯ ಸಭೆ ಕರೆಯಲಾಯಿತು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಶೀನನನ್ನು ಸುಳ್ಳು ಬರೆದು ಕಡಲಿಗೆ ಕಳುಹಿಸಿದವಳು ಎಂದು ಸಂಘವೇ ಬರೆದಿಟ್ಟರೆ ಅವಳು ಆ ಊರಿನಲ್ಲಿ ತಲೆಯೆತ್ತಿ ಬದುಕುವಂತಿರಲಿಲ್ಲ. ಆಗಲೇ ನೀರಿನ ಕಟ್ಟೆಯ ಬಳಿ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು.

ಸಭೆಗೆ ನಮ್ಮ ಕಂಪನಿಯಿಂದ ತಾಂತ್ರಿಕ ವಿವರಣೆ ಕೇಳಿದ್ದರು. ಕಾರಿನಲ್ಲಿ ಹೋಗುವಾಗ ನಿತಿನ್ ನನಗೆ ಪಾಠ ಹೇಳಿಕೊಟ್ಟರು. “ಸೈಟು ಸರಿ ಇತ್ತು. ಅಪ್‌ಡೇಟ್ ಮಾಡುವುದು ಅವರ ಕೆಲಸ, ಕಾಪಿ ಮಾಡಿದ್ದು ಆ ಹುಡುಗಿ. ನೀವು ಹಿಂದೆ ಕೂತುಕೊಳ್ಳಿ. ಕನ್ನಡದ ಪ್ರಶ್ನೆ ಬಂದರೆ ಮಾತ್ರ ಮಾತಾಡಿ.” ನಾನು ಆಗಲಿ ಎನ್ನಲಿಲ್ಲ, ಅವರು ಅದನ್ನು ಗಮನಿಸಲಿಲ್ಲ.

ಕಾಪುವಿನ ಕಚೇರಿಯ ಉದ್ದ ಕೋಣೆ. ಮೇಜಿನ ಆಚೆ ಕರ್ಕೇರರು, ಅವರ ಪಕ್ಕದಲ್ಲಿ ನಿತಿನ್. ಎದುರಿನ ಬೆಂಚುಗಳ ಮೇಲೆ ಸದಸ್ಯರು, ಹೆಚ್ಚಿನವರು ಸ್ವತಃ ದೋಣಿ ನಡೆಸಿದವರು. ಶೀನನ ತಾಯಿ ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದರು. ಗಿರಿಜಾ ಬಾಗಿಲಿನ ಬಳಿ ನಿಂತಿದ್ದಳು. ಅವಳಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ. ಮೂಲೆಯಲ್ಲಿ ಕಂಪ್ಯೂಟರು, ಮಾನಿಟರಿನ ಮೇಲೆ ಗಂಧದ ಕಲೆ ಇನ್ನೂ ಇತ್ತು.

ಕರ್ಕೇರರು ಆರೋಪವನ್ನು ಓದಿದರು. ನಿತಿನ್ ತಮ್ಮ ವಿವರಣೆಯನ್ನು ಕೊಟ್ಟರು. ಬಳಿಕ ಕರ್ಕೇರರು ಗಿರಿಜಾಳನ್ನು ಕೇಳಿದರು.

“ತಾರೀಕು ನೀನೇ ಬರೆದದ್ದಲ್ವಾ?”

“ಹೌದು. ಕಂಪ್ಯೂಟರಿನಲ್ಲಿ ಇತ್ತು.”

“ಕಂಪ್ಯೂಟರ್ ಸುಳ್ಳು ಹೇಳ್ತದಾ?”

ನಾನು ಎದ್ದೆ. ನಿತಿನ್ ಕಣ್ಸನ್ನೆಯಲ್ಲಿ ಕುಳಿತುಕೊಳ್ಳಲು ಹೇಳಿದರು. ನಾನು ನೇರ ಕಂಪ್ಯೂಟರಿನ ಬಳಿಗೆ ಹೋಗಿ ಸೈಟು ತೆರೆದೆ. ದೀಪಸ್ತಂಭ ತಿರುಗಿ ಮುಗಿಯುವವರೆಗೆ ಎಲ್ಲರೂ ಕಾಯಬೇಕಾಯಿತು. ಸಭೆಯ ಆ ದಿನ ಕಡಲು ನಿಜಕ್ಕೂ ಶಾಂತವಾಗಿತ್ತು. ಟೈಪಿಸ್ಟ್ ಅದೇ ಚಿತ್ರವನ್ನು ಬೆಳಿಗ್ಗೆ ಆರಿಸಿದ್ದ. ಪುಟದ ನೆತ್ತಿಯಲ್ಲಿ ಆ ದಿನದ ದಿನಾಂಕ.

“ಇದು ಸರಿ ಉಂಟಾ?” ಎಂದು ಕೇಳಿದೆ. ಸರಿ ಉಂಟು ಎಂದರು.

ತೆರೆಯ ಕೆಳಮೂಲೆಯ ಗಡಿಯಾರದ ಮೇಲೆ ಒತ್ತಿ, ಕ್ಯಾಲೆಂಡರಿನಲ್ಲಿ ತಿಂಗಳನ್ನು ಮುಂದಿನ ವರ್ಷದ ಜುಲೈಗೆ ತಿರುಗಿಸಿದೆ. ಪುಟವನ್ನು ಮತ್ತೆ ತೆರೆದು, ಎಲ್ಲರಿಗೂ ಕಾಣುವಂತೆ ಮಾನಿಟರನ್ನು ಬೆಂಚಿನ ಕಡೆ ತಿರುಗಿಸಿ, ಗಟ್ಟಿಯಾಗಿ ಓದಿದೆ. ಇಂದು, ಜುಲೈ ತಿಂಗಳು, ಕಡಲು ಶಾಂತವಾಗಿದೆ, ದೋಣಿ ಹೋಗಬಹುದು.

ಜುಲೈ ಎಂದರೆ ನಡು ಮಳೆಗಾಲ, ಆಗ ಆ ತೀರದಿಂದ ದೋಣಿ ಹೋಗುವುದಿಲ್ಲ. ಕರ್ಕೇರರು ಎದ್ದು ತೆರೆಯ ಹತ್ತಿರ ಬಂದರು.

“ಎಂತ ಇದು? ಯಾರು ಹಾಕಿದ್ದು?”

“ಯಾರೂ ಹಾಕಿಲ್ಲ,” ಎಂದೆ. “ಅದನ್ನೇ ನಾನು ಮಣಿಪಾಲದಲ್ಲಿ ನಿಮ್ಮಿಬ್ಬರ ಎದುರು ಹೇಳಿದ್ದು. ನೀವು ನಕ್ಕಿರಿ.”

ನಿತಿನ್ ಬೇಗ ಬೇಗ ಮಾತಾಡಿದರು. “ಗಡಿಯಾರ ತಪ್ಪಿಸಿದರೆ ಯಾವ ಸೈಟಾದರೂ ಹಾಗೆಯೇ. ಇದು ಟ್ರಿಕ್ ಅಷ್ಟೇ.”

“ಟ್ರಿಕ್ಕೇ ಸರಿ. ನಿಮ್ಮ ಪುಟ ಇದನ್ನು ದಿನಾ ಮಾಡುತ್ತಿತ್ತು, ನಾನು ಒಮ್ಮೆ ಮಾಡಿದೆ. ವಿಜಯದಶಮಿಯಂದು ಈ ಕೋಣೆಗೆ ಬೀಗ ಇತ್ತು, ಆ ಯಂತ್ರದ ಮೇಲೆ ಹೂ ಇತ್ತು. ಹೆಜಮಾಡಿಯಲ್ಲಿ ತಾರೀಕು ಎಲ್ಲಿಂದ ಬಂತು? ಗಿರಿಜಾ ಬರೆದದ್ದು ನಾವು ಅವಳಿಗೆ ತೋರಿಸಿದ್ದನ್ನು. ಒಂದಕ್ಷರ ಹೆಚ್ಚಿಲ್ಲ.”

ಹಿಂದಿನ ಬೆಂಚಿನಿಂದ ಒಬ್ಬ ಹಿರಿಯ ಸದಸ್ಯರು ಎದ್ದರು. “ಲೋಕನಾಥಣ್ಣ, ಮೊದಲು ಬೆಳಿಗ್ಗೆ ಫೋನು ಬರ್ತಿತ್ತು. ಬಾರದಿದ್ದರೆ ನಾವು ಕಾಯ್ತಿದ್ದೆವು. ಆ ಫೋನು ನಿಲ್ಲಿಸಿದ್ದು ಗಿರಿಜಾಳಾ?”

ಆರೋಪವನ್ನು ಕೈಬಿಡಲಾಯಿತು. ಬೆಳಗಿನ ಫೋನು ಮರಳಿ ಬಂತು. ಹೊಣೆಗಾರರ ಹೆಸರು ಮಾತ್ರ ನಿರ್ಣಯದಲ್ಲಿ ಎಲ್ಲೂ ಬರಲಿಲ್ಲ. ‘ತಾಂತ್ರಿಕ ಕಾರಣಗಳಿಂದ’ ಎಂದು ಬರೆದು ಮುಗಿಸಿದರು. ಆ ಎರಡು ಪದಗಳನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ನಿತಿನ್, “ಅಕ್ಕ, ನೀವು ಕಂಪನಿಯ ಮರ್ಯಾದೆ ತೆಗೆದಿರಿ” ಎಂದರು.

“ಮರ್ಯಾದೆ ನಿಮಗೆ ಮಾತ್ರ ಉಂಟಾ? ಗಿರಿಜಾಳಿಗೆ ಇಲ್ವಾ?”

ತಮಗೆ ಬೇರೆ ಕಡೆ ಕೆಲಸವಿದೆ ಎಂದು ಅವರು ನನ್ನನ್ನು ಕಟಪಾಡಿಯಲ್ಲಿ ಇಳಿಸಿದರು. ನಾನು ಬಸ್ಸಿನಲ್ಲಿ ಮನೆಗೆ ಹೋದೆ. ಸಂಘದ ಪುಟವನ್ನು ತಿದ್ದಿಕೊಡುವವರೆಗೆ ಕಂಪನಿಯಲ್ಲಿದ್ದೆ, ಅನಂತರ ಬಿಟ್ಟೆ. ತಿದ್ದಿದ ಪುಟದಲ್ಲಿ ಸೂಚನೆ ಬರೆದ ದಿನ, ಹೊತ್ತು, ಬರೆದವರ ಹೆಸರು ಸೂಚನೆಯ ಜೊತೆಗೇ ಬರುತ್ತಿದ್ದವು. ದಿನ ಕಳೆದೊಡನೆ ಸೂಚನೆ ತಾನಾಗಿ ಮಾಯವಾಗಿ, ‘ಇಂದಿನ ಸೂಚನೆ ಇನ್ನೂ ಬಂದಿಲ್ಲ, ಕಚೇರಿಗೆ ಫೋನ್ ಮಾಡಿ ಕೇಳಿ’ ಎಂಬ ಸಾಲು ಬರುತ್ತಿತ್ತು. ದೀಪಸ್ತಂಭವನ್ನು ತೆಗೆದುಹಾಕಿದೆ.

ಕೊನೆಯ ಸಲ ಹೆಜಮಾಡಿಗೆ ಹೋದಾಗ ಗಿರಿಜಾಳಿಗೆ ಹೊಸ ಪುಟ ತೋರಿಸಿದೆ. ಅವಳು ಅದನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು.

“ಚಂದ ಉಂಟು ಅಕ್ಕ. ಮೀಟಿಂಗಿನಲ್ಲಿ ತಪ್ಪು ನನ್ನದಲ್ಲ ಅಂತಲೂ ಆಯ್ತು,” ಎಂದಳು. “ಶೀನಣ್ಣ ಆ ದಿನ ಸೈಟು ನೋಡಿ ಹೋದದ್ದಲ್ಲ. ನಾನು ಬರೆದದ್ದು ನೋಡಿ ಹೋದದ್ದು. ಅವನ ಅಮ್ಮ ಈಗ ಮಾತಾಡ್ತಾರೆ. ಆದರೆ ಹಲಗೆಯ ಎದುರು ಬಂದರೆ ಮುಖ ಆಚೆ ತಿರುಗಿಸಿಕೊಂಡು ಹೋಗ್ತಾರೆ.”

ನಾನು ಕಂಪ್ಯೂಟರನ್ನು ಆರಿಸಿ, ಅವಳು ಹೊಲಿದ ಮುಸುಕನ್ನು ಅದರ ಮೇಲೆ ಎಳೆದೆ.

ವೃತ್ತಿ ನನಗೆ ಕಲಿಸಿದ ಪಾಠವನ್ನು ಹೇಳಿ ಮುಗಿಸುತ್ತೇನೆ. ತೆರೆಯ ಮೇಲೆ ಕಾಣುವ ಪ್ರತಿಯೊಂದು ಮಾತಿನ ಹಿಂದೆ ಅದನ್ನು ಹೇಳಿದ ಒಬ್ಬ ಮನುಷ್ಯನೂ ಹೇಳಿದ ಹೊತ್ತೂ ಇರಬೇಕು; ಓದುವವರಿಗೆ ಅವೆರಡೂ ಕಾಣಬೇಕು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಲಾರದ ಪುಟವನ್ನು ಎಷ್ಟು ಅಲಂಕರಿಸಿದರೂ ಅದು ಅಪಾಯಕಾರಿಯೇ. ಈಚೆಗೆ ಕಾರ್ಕಳದ ಒಂದು ಖಾಸಗಿ ಚಿಕಿತ್ಸಾಲಯದ ವೆಬ್‌ಸೈಟು ನೋಡುತ್ತಿದ್ದೆ. ‘ಇಂದು ಲಭ್ಯವಿರುವ ವೈದ್ಯರು’ ಎಂದು ಆ ದಿನದ ದಿನಾಂಕದೊಡನೆ ಒಂದು ಹೆಸರಿತ್ತು. ಅಲ್ಲಿಗೆ ಫೋನ್ ಮಾಡಿ, ಇದನ್ನು ಇಂದು ಯಾರು ಬರೆದರು ಎಂದು ವಿಚಾರಿಸಿದೆ. ಫೋನೆತ್ತಿದ ಹುಡುಗಿ ಬಹಳ ಮರ್ಯಾದೆಯಿಂದ ಉತ್ತರಿಸಿದಳು.

“ಯಾರೂ ಬರೆಯಬೇಕಂತ ಇಲ್ಲ ಮೇಡಂ. ಅದು ತನ್ನಷ್ಟಕ್ಕೇ ಬರ್ತದೆ.”